ಅಷ್ಟಮಿಯ ದೋಣಿ

ನನ್ನ ಸೋದರಮಾವನ ದೋಣಿ ಸಮುದ್ರಕ್ಕೆಂದು ಹುಟ್ಟಿದ್ದಲ್ಲ. ಕಾಳಿ ನದಿಯಲ್ಲಿ, ಮಲ್ಲಾಪುರದ ಕೆಳಗಿನ ಒಂದು ಕಡವಿನಲ್ಲಿ, ಶಾಲೆ ಮಕ್ಕಳನ್ನೂ ಗೊಬ್ಬರದ ಚೀಲಗಳನ್ನೂ ಮದುವೆ ದಿಬ್ಬಣಗಳನ್ನೂ ಆಚೆ ದಡ ಮುಟ್ಟಿಸಲು ಕಟ್ಟಿಸಿದ್ದು. 18 ಅಡಿ ಉದ್ದ, ಚಪ್ಪಟೆ ತಳ, ನೀರಿನಿಂದ ಒಂದು ಗೇಣಿಗಿಂತ ಚೂರು ಎತ್ತರದ ಅಂಚು. ಒಂದು ಪಕ್ಕಕ್ಕೆ ದಪ್ಪನೆಯ ಆಸಾಮಿ ಕೂತರೆ ಇನ್ನೊಂದು ಪಕ್ಕಕ್ಕೆ ಅಕ್ಕಿಮೂಟೆ ಸರಿಸಬೇಕು. ನದಿಗೆ ಅಂಥ ತಳವೇ ಅನುಕೂಲ. ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಸುಮ್ಮನೆ ಜಾರಿಕೊಳ್ಳುತ್ತದೆ. ಸಮುದ್ರದಲ್ಲಿ ಅದೇ ತಳ ಬೇರೆ ಬುದ್ಧಿ ತೋರಿಸುತ್ತದೆ. ಅದಕ್ಕೆ ಅಲೆಯನ್ನು ಸೀಳಲು ಬರುವುದಿಲ್ಲ, ಅಲೆಯ ಮೇಲೆ ದೊಪ್ಪೆಂದು ಬೀಳಲು ಬರುತ್ತದೆ. ಅಳಿವೆಯ ದಡದ ಕೋಡಿಬಾಗದ ಖಾರ್ವಿ ಮೀನುಗಾರರು ನಮ್ಮ ದೋಣಿ ಕಂಡಾಗಲೆಲ್ಲ "ಮರಿಗೆ ಬಂತು ಮರಿಗೆ" ಎಂದು ನಗುತ್ತಿದ್ದರು.

ಆ ಮರಿಗೆಯನ್ನು ಮಾವ ವರ್ಷವರ್ಷವೂ ಚಳಿಗಾಲದಲ್ಲಿ ಕಾರವಾರ ಕೊಲ್ಲಿಗೆ ಇಳಿಸುತ್ತಿದ್ದ. 1980ರ ದಶಕದ ಕೊನೆಯಿಂದ 90ರ ದಶಕದ ನಡುವಿನವರೆಗೆ, ದಾಂಡೇಲಿಯಿಂದ ಡಿಸೆಂಬರ್ ರಜೆಗೆ ಬರುತ್ತಿದ್ದ ನಾನು ಅದರ ಮುಂದಿನ ಹಲಗೆಯ ಮೇಲೆ ಕೂತು ನೀರು ಮೊಗೆಯುವ ಹುದ್ದೆಯಲ್ಲಿದ್ದೆ. ಆ ಹುದ್ದೆಗೆ ಸಂಬಳವಾಗಿ ಒಂದು ಗಾಳದ ನೂಲು ಸಿಗುತ್ತಿತ್ತು, ಅದೂ ನೀರು ಕಡಿಮೆ ಇದ್ದಾಗ.

ದಾಂಡೇಲಿಯವನಾದ ನನಗೆ ಕಾಳಿ ಹೊಸದೇನಲ್ಲ. ಜೋಯಿಡಾದ ಡಿಗ್ಗಿಯ ಕಡೆ ಹುಟ್ಟಿ, ನಮ್ಮೂರ ಪಕ್ಕದಲ್ಲಿ ಹರಿದು, 184 ಕಿಲೋಮೀಟರ್ ಸಾಗಿ ಕಾರವಾರದಲ್ಲಿ ಸಮುದ್ರ ಸೇರುವ ನದಿ. ಮೇಲಿನಿಂದ ಕೆಳಗೆ ಹರಿಯುವುದೊಂದೇ ನೀರಿನ ಕೆಲಸ ಎಂದು ನಂಬಿದ್ದ ಹುಡುಗನಿಗೆ ಅದೇ ನೀರು ಬೆಳಿಗ್ಗೆ ಪಡುವಣಕ್ಕೂ ಸಂಜೆ ಮೂಡಣಕ್ಕೂ ಹೋಗುವುದನ್ನು ಕಂಡು ಆದ ಗಲಿಬಿಲಿ ಈಗಲೂ ನೆನಪಿದೆ. ಮಾವನ ಕಡವಿನಲ್ಲೇ ಉಬ್ಬರದ ಹೊತ್ತಿಗೆ ಕಟ್ಟಿದ ದೋಣಿ ಹಗ್ಗವನ್ನು ಮೇಲಿನ ಕಡೆಗೆ ಎಳೆದುಕೊಂಡು ನಿಲ್ಲುತ್ತಿತ್ತು. ನೀರು ಬಾಯಿಗೆ ಸಿಹಿಯೇ ಇತ್ತು, ನಡತೆ ಮಾತ್ರ ಸಮುದ್ರದ್ದು.

ಕೊಲ್ಲಿಗೆ ಹೋಗಲು ಮಾವನಿಗೆ ಹೇಳಿಕೊಳ್ಳುವ ಕಾರಣ ಒಂದಿತ್ತು: ದೋಣಿ ದಾಟಿಸುವ ಕೆಲಸ ಸೊರಗಿತ್ತು. ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿ ಸೇತುವೆಯಾಗಿ, ಬಸ್ಸುಗಳು ಹೆಚ್ಚಾಗಿ, ಮೇಲಿನ ಕಡವುಗಳಲ್ಲೂ ಜನ ಕಡಿಮೆಯಾಗಿದ್ದರು. ಚಳಿಗಾಲದಲ್ಲಿ ಕೊಲ್ಲಿಯ ನೊಗಲಿ ಮೀನಿಗೆ ಕಾರವಾರದ ಪೇಟೆಯಲ್ಲಿ ಒಳ್ಳೆಯ ಬೆಲೆ. ಹೇಳಿಕೊಳ್ಳದ ಕಾರಣವೂ ಇತ್ತೆಂದು ನನ್ನ ಅನುಮಾನ. ಅತ್ತೆಗೆ ಅದು ಅನುಮಾನವೇ ಅಲ್ಲ. "ಹಣಕ್ಕೆ ಹೋಗುದಾದ್ರೆ ದುಡ್ಡು ಕಾಣ್ಬೇಕಿತ್ತಲ್ಲ" ಎನ್ನುತ್ತಿದ್ದಳು.

ಹೊರಡುವ ಮುನ್ನಾದಿನ ಇಳಿತದ ನೀರು ಹಿಡಿದು ಕೆಳಗೆ ಬಂದು, ಕೋಡಿಬಾಗದ ನೆಂಟರ ಹಿತ್ತಿಲಲ್ಲಿ ದೋಣಿ ಕಟ್ಟಿ, ರಾತ್ರಿ ಅಲ್ಲೇ ಉಳಿಯುತ್ತಿದ್ದೆವು. ಆ ಮನೆಯ ಅಜ್ಜ ರಾಂಪಣಿ ಕಾಲದವರು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ಆ ಮಹಾಬಲೆಯಲ್ಲಿ ಅವರದೂ ಒಂದು ಪಾಲಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ಬಂಗಡೆಯ ಹಿಂಡನ್ನು ದಡಕ್ಕೆ ಬರುವ ಮೊದಲೇ ಆಚೆಯಲ್ಲೇ ಸುತ್ತುಗಟ್ಟಿ ಎತ್ತತೊಡಗಿದ ಮೇಲೆ ರಾಂಪಣಿ ಅಟ್ಟ ಸೇರಿತು. ಅಜ್ಜನಿಗೆ ಗಾಳ ಹಾಕುವವರನ್ನು ಕಂಡರೆ ಕನಿಕರ. ಒಂದೊಂದೇ ಮೀನು ಎಣಿಸಿ ಹಿಡಿಯುವುದೂ ಒಂದು ಮೀನುಗಾರಿಕೆಯೇ ಎಂಬುದು ಅವರ ಮುಖದಲ್ಲಿ ಬರೆದಿರುತ್ತಿತ್ತು. ಆದರೂ ಬೆಳಗಿನ ಜಾವ ಎದ್ದು ಅಂಗಳದಲ್ಲಿ ನಿಂತು ಗಾಳಿ ನೋಡಿ ಹೇಳುತ್ತಿದ್ದವರು ಅವರೇ.

ಈಗ ಲೆಕ್ಕದ ಮಾತು. ಮಾವನ ಅಡುಗೆಮನೆಯ ಗೋಡೆಯಲ್ಲಿ ಒಂದು ಪಂಚಾಂಗ ನೇತಾಡುತ್ತಿತ್ತು. ಅದರಲ್ಲಿ ಅವನು ರಾಹುಕಾಲ ನೋಡಿದ್ದನ್ನು ನಾನು ಕಂಡಿಲ್ಲ. ನೋಡುತ್ತಿದ್ದದ್ದು ತಿಥಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟುವುದರಿಂದ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಒಂದು ಗಳಿಗೆಗೆ 24 ನಿಮಿಷ, ಆದ್ದರಿಂದ ತಿಥಿಗೆ ಎರಡು ಗಳಿಗೆ ಎಂದರೆ ಕೆಲಸ ಮುಗಿಯಿತು. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಕಾರವಾರದಲ್ಲಿ ನಡುಹಗಲಿನ ಆಸುಪಾಸಿಗೆ ನೀರು ತುಂಬುತ್ತದೆ. ಅಲ್ಲಿಂದ ಬೆರಳು ಮಡಚುತ್ತ ಹೋದರೆ ಅಷ್ಟಮಿಯ ದಿನ ಉಬ್ಬರ ಬೆಳಕು ಹರಿಯುವ ಮೊದಲೇ ಮುಗಿದು, ಬೆಳಿಗ್ಗೆಯೆಲ್ಲ ಇಳಿತ, ಮಧ್ಯಾಹ್ನದ ಹೊತ್ತಿಗೆ ನೀರು ಮತ್ತೆ ಒಳಗೆ ತಿರುಗುತ್ತದೆ. ಜೊತೆಗೆ ಅಷ್ಟಮಿಯ ನೀರು ಸಪ್ಪೆ. ಹುಣ್ಣಿಮೆಯಲ್ಲಿ ಎರಡು ಮೀಟರಿನ ಹತ್ತಿರ ಏರಿಳಿಯುವ ಸಮುದ್ರ ಅಂದು ಅದರ ಅರ್ಧಕ್ಕೂ ಸೋಮಾರಿಯಾಗಿರುತ್ತದೆ.

ಇದರ ಮೇಲೆ ಗಾಳಿಯ ಲೆಕ್ಕ. ಚಳಿಗಾಲದ ಬೆಳಗಿನಲ್ಲಿ ಘಟ್ಟದ ತಣ್ಣನೆಯ ಗಾಳಿ ಕಾಳಿಯ ಕಣಿವೆ ಹಿಡಿದು ಕೆಳಗಿಳಿದು ಸಮುದ್ರದ ಕಡೆ ಬೀಸುತ್ತದೆ. ಕಿವಿಗೆ ಟವೆಲ್ ಸುತ್ತದಿದ್ದರೆ ಹಲ್ಲು ಕಟಕಟ. ಹೊತ್ತೇರಿದಂತೆ ಅದು ಸತ್ತು, ಸ್ವಲ್ಪ ಹೊತ್ತು ಎಲೆಯೂ ಅಲುಗದೆ, ಹನ್ನೊಂದರ ಮೇಲೆ ಪಡುಗಡೆಯಿಂದ ಗಾಳಿ ಏಳುತ್ತದೆ. ಹೀಗಾಗಿ ಅಷ್ಟಮಿಯ ಬೆಳಿಗ್ಗೆ ಹೊರಟರೆ ಹೋಗುವಾಗ ನೀರೂ ಗಾಳಿಯೂ ಹೊರಗೆ ನೂಕುತ್ತವೆ, ಬರುವಾಗ ನೀರೂ ಗಾಳಿಯೂ ಒಳಗೆ ನೂಕುತ್ತವೆ. ಹುಟ್ಟು ಹಾಕುವುದು ಹೆಸರಿಗೆ. ಮಾವ ಹೋಗುತ್ತಿದ್ದದ್ದು ಸಪ್ತಮಿ, ಅಷ್ಟಮಿ, ನವಮಿಗಳಲ್ಲಿ, ಪಕ್ಷಕ್ಕೆ ಒಂದು ಸರ್ತಿ. ಉಳಿದ ದಿನ ಕೊಲ್ಲಿ ಕನ್ನಡಿಯಂತೆ ಹೊಳೆದರೂ ತಿರುಗಿ ನೋಡುತ್ತಿರಲಿಲ್ಲ.

ಅಂಚು ಎತ್ತರಿಸಲು ಒಂದು ಹಲಗೆ ಸೇರಿಸು, ತಳಕ್ಕೆ ಒಂದು ಮರ ಬಡಿ ಎಂದು ಕೋಡಿಬಾಗದವರು ಸಲಹೆ ಕೊಡುತ್ತಿದ್ದರು. ಬಿಟ್ಟಿ ಸಲಹೆಯಲ್ಲ, ಅವರಲ್ಲೊಬ್ಬ ಒಳ್ಳೆಯ ದೋಣಿ ಆಚಾರಿಯೂ ಇದ್ದ, ತಾನೇ ಮಾಡಿಕೊಡುತ್ತೇನೆಂದ. ಮಾವ ಒಪ್ಪಲಿಲ್ಲ. ಕೆಳಗೆ ಮರ ಬಡಿದರೆ ಮೇಲಿನ ಕಡವಿನ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಅವನ ಉತ್ತರ. ದೋಣಿಯನ್ನು ಕೊಲ್ಲಿಗೆ ತಕ್ಕಂತೆ ತಿದ್ದುವ ಬದಲು ಅವನು ದೋಣಿಗೆ ತಕ್ಕ ದಿನವನ್ನು ಹುಡುಕಿಕೊಂಡಿದ್ದ. ನನಗೆ ಆಗ ಅದು ಪುಕ್ಕಲುತನದಂತೆ ಕಾಣುತ್ತಿತ್ತು. ಈಗ ಹಾಗೆ ಕಾಣುವುದಿಲ್ಲ, ಆದರೆ ಅದನ್ನು ಮಹಾ ಜ್ಞಾನವೆಂದು ಹೊಗಳುವ ಗೆಳೆಯರ ಜೊತೆಗೂ ನಾನಿಲ್ಲ. ಪಕ್ಷಕ್ಕೆ ಮೂರು ದಿನ ಮಾತ್ರ ದುಡಿಯುವ ದೋಣಿ ಇಟ್ಟುಕೊಳ್ಳಲು ಮನೆಯಲ್ಲಿ ಗದ್ದೆ, ನಾಲ್ಕು ತೆಂಗು, ದನ ಕರೆಯುವ ಹೆಂಡತಿ ಇರಬೇಕು. ಬಲೆಯನ್ನೇ ನಂಬಿದ ಖಾರ್ವಿಗೆ ಏಕಾದಶಿಯಂದೂ ಹೊಟ್ಟೆ ಹಸಿಯುತ್ತದೆ.

ಕೊಲ್ಲಿಯೊಳಗೆ ನಾವು ಹೋಗುತ್ತಿದ್ದ ದೂರವೂ ಬಹಳವಲ್ಲ. ಅಳಿವೆ ದಾಟಿ, ಬೈತಖೋಲಿನ ಬಂದರು ಎಡಕ್ಕೆ ಇಟ್ಟುಕೊಂಡು, ಕೂರ್ಮಗಡ ದ್ವೀಪ ಇನ್ನೂ ನೀಲಿಯಾಗಿ ಕಾಣುವಷ್ಟರಲ್ಲೇ ಕಲ್ಲು ಇಳಿಸುತ್ತಿದ್ದೆವು. ಅದರಾಚೆ ದೇವಗಡದ ದೀಪಸ್ತಂಭ. 1864ರಿಂದ ಅಲ್ಲಿ ದೀಪ ಉರಿಯುತ್ತಿದೆ. ಅದರ ಬುಡಕ್ಕೆ ಒಮ್ಮೆ ಹೋಗಿ ಬರೋಣವೆಂದು ನಾನು ಕಾಡಿದ್ದಕ್ಕೆ ಲೆಕ್ಕವಿಲ್ಲ. ದೋಣಿ ನಿಲ್ಲಿಸುವ ಜಾಗಕ್ಕೆ ಮಾವನಿಗೆ ಗುರುತುಗಳಿದ್ದವು: ಸದಾಶಿವಗಡ ಗುಡ್ಡದ ಮೂಲೆಯೂ ಅದರ ಹಿಂದಿನ ಒಂದು ಶಿಖರವೂ ಒಂದೇ ಗೆರೆಗೆ ಬರಬೇಕು, ಅತ್ತ ಒಂದು ಬೋಳು ತೆಂಗಿನಮರ ಊರಿನ ಒಂದು ಬಿಳಿ ಗೋಡೆಯ ಮೇಲೆ ಕೂರಬೇಕು. ಎರಡೂ ಕೂಡಿದಲ್ಲಿ ಕೆಳಗೆ ಮರಳು. ಬೋಳು ತೆಂಗು ಸಿಡಿಲಿಗೆ ಬಿದ್ದ ವರ್ಷ ನಾವು ಒಂದು ಬೆಳಗೆಲ್ಲ ಕೆಸರಿನ ಮೇಲೆ ಗಾಳ ಬಿಟ್ಟು ಕೂತಿದ್ದೆವು.

ನದಿಯಲ್ಲಿ ಕಲ್ಲಿಗೆ ಹಗ್ಗ ಕಟ್ಟಿ ಬಿಟ್ಟರೆ ದೋಣಿ ನಿಂತಿತು. ಕೊಲ್ಲಿಯಲ್ಲಿ ಅದು ನಿಲ್ಲಲು ಹಗ್ಗ ಬೇಕು, ಕಲ್ಲಿನ ಭಾರವಲ್ಲ. ಮೂರು ಮಾರು ಆಳಕ್ಕೆ ಹನ್ನೆರಡು ಮಾರು ಹಗ್ಗ ಬಿಟ್ಟರೆ ಎಳೆತ ಅಡ್ಡಡ್ಡವಾಗಿ ಬಿದ್ದು ಲಂಗರು ಮರಳಿಗೆ ಕಚ್ಚುತ್ತದೆ. ಗಿಡ್ಡ ಹಗ್ಗಕ್ಕೆ ಪ್ರತಿ ಅಲೆಯೂ ಅದನ್ನು ಎತ್ತಿ ಎತ್ತಿ ಬಿಡುತ್ತದೆ. ಮಾವ ಕಲ್ಲು ಬಿಟ್ಟು ಕಬ್ಬಿಣದ ನಾಲ್ಕು ಕೊಕ್ಕೆಯ ಲಂಗರು ಕೊಂಡದ್ದೊಂದೇ ಕೊಲ್ಲಿಗಾಗಿ ಮಾಡಿದ ಖರ್ಚು.

ನೊಗಲಿ ಹಿಡಿಯುವುದನ್ನು ಹೇಳದೆ ಮುಂದೆ ಹೋಗಲಾರೆ. ದಕ್ಷಿಣ ಕನ್ನಡದವರು ಕಾಣೆ ಎಂದು ಹುರಿದು ತಿನ್ನುವ ಅದೇ ಮೀನು. ಉದ್ದ ಮೂತಿ, ಬೆನ್ನು ಮರಳಿನ ಬಣ್ಣ, ಹೊಟ್ಟೆ ಬೆಳ್ಳಿ. ಹೆದರಿಸಿದರೆ ಓಡುವುದಿಲ್ಲ, ಮರಳಿನೊಳಗೆ ಹೂತುಕೊಳ್ಳುತ್ತದೆ. ಸೆಣಬಿನ ಒದ್ದೆ ಚೀಲದಲ್ಲಿ ಮೇಲಿನ ನದಿಯ ಸಣ್ಣ ಸಿಗಡಿಗಳನ್ನು ಜೀವಂತ ತಂದಿರುತ್ತಿದ್ದೆವು. ತಲೆ ಕಿತ್ತು, ಸಿಪ್ಪೆ ಅರ್ಧ ಸುಲಿದು, ಬಾಲದಿಂದ ಪೋಣಿಸಿ, ಗಾಳದ ಮೊನೆ ಕಾಣದಂತೆ ಮಾಡಬೇಕು. ಕೋಲು ಇಲ್ಲ, ನೂಲು ಮಾತ್ರ, ಅದು ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಹಾದಿರಬೇಕು. ಸೀಸದ ಗುಂಡು ತಳ ಮುಟ್ಟಿದ ಕೂಡಲೆ ಬೆರಳಿಗೆ ತಳದ ಸುದ್ದಿ ಬರುತ್ತದೆ. ಕಲ್ಲಿಗೆ ಬಿದ್ದರೆ ಕಟ್ಟೆನ್ನುತ್ತದೆ. ಕೆಸರಿಗೆ ಬಿದ್ದರೆ ಸದ್ದೇ ಇಲ್ಲ, ಎತ್ತುವಾಗ ಮಾತ್ರ ಯಾರೋ ಹಿಡಿದುಕೊಂಡ ಹಾಗೆ. ಮರಳಿಗೆ ಬಿದ್ದರೆ ಮೆತ್ತಗೆ ಒಂದು ಕರಕರ. ಆ ಕರಕರ ಬಂದರೆ ಮಾವ ಬೀಡಿ ಹಚ್ಚುತ್ತಿದ್ದ.

ನೊಗಲಿ ಕಚ್ಚುವುದು ನದಿಯ ಮೀನಿನಂತಲ್ಲ. ಮೊದಲು ಎರಡು ಸಣ್ಣ ತಟ್ಟು. ಅದಕ್ಕೆ ಕೈ ಎಳೆದರೆ ಬರಿಗಾಳ ಮೇಲೆ ಬರುತ್ತದೆ. ಸುಮ್ಮನಿರಬೇಕು. ಆಮೇಲೆ ನೂಲು ಬೆರಳಿನಿಂದ ಹಗುರಾಗಿ ಜಾರತೊಡಗುತ್ತದೆ, ಆಗ ಮಣಿಕಟ್ಟಷ್ಟೇ ತಿರುಗಿಸಬೇಕು. ಮೇಲೆ ಬಂದ ಮೀನು ಬಿಸಿಲಿಗೆ ಹಿಡಿದರೆ ಬಾಲದ ಕಡೆ ಒಳಗಿನ ಮುಳ್ಳಿನ ಗೆರೆ ಕಂಡೂ ಕಾಣದ ಹಾಗೆ ತೋರುತ್ತಿತ್ತು. ಬುಟ್ಟಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಆ ಪಾರದರ್ಶಕತೆ ಹೋಗಿ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ನಡುನಡುವೆ ಬೇಡದ ಅತಿಥಿಗಳು: ಮೇಲೆ ಬಂದೊಡನೆ ಗಾಳಿ ತುಂಬಿಕೊಂಡು ಉಬ್ಬುವ ಕಪ್ಪೆಮೀನು, ಮುಳ್ಳಿನ ಶಿಂಗಾಳೆ. ಶಿಂಗಾಳೆಯ ಮುಳ್ಳು ಒಮ್ಮೆ ಮಾವನ ಹೆಬ್ಬೆರಳಿಗೆ ಇಳಿದಿತ್ತು. ಕೋಡಿಬಾಗದ ಅಜ್ಜಿ ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಬೆರಳು ಅದ್ದಿಸಿ ಕೂರಿಸಿದಳು. ಆ ವಿಷ ಶಾಖಕ್ಕೆ ಕೆಡುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷದ ನಂತರ.

ಚಪ್ಪಟೆ ತಳದ ಸುಖ ಇಲ್ಲಿ ಗೊತ್ತಾಗುತ್ತಿತ್ತು. ಅಳಿವೆಯ ಮರಳುದಿಬ್ಬಗಳ ಅಂಚಿಗೆ, ಮಾರು ನೀರೂ ಇಲ್ಲದ ಕಡೆಗೆ, ದೊಡ್ಡ ಬೋಟುಗಳು ಬರುವಂತಿರಲಿಲ್ಲ. ಮರಿಗೆ ಎಂದು ನಕ್ಕವರ ಬೋಟು ದೂರದಿಂದ ಸುತ್ತಿ ಹೋಗುತ್ತಿದ್ದಾಗ ನಾವು ದಿಬ್ಬದ ನೆತ್ತಿಯ ಮೇಲೆಯೇ ಗಾಳ ಬಿಟ್ಟಿರುತ್ತಿದ್ದೆವು. ಅವರ ಎಂಜಿನ್ನಿನ ಅಲೆ ಬಂದು ದೋಣಿಯ ಅಂಚು ನೆಕ್ಕಿದಾಗ ನನ್ನ ಹುದ್ದೆಗೆ ಕೆಲಸ ಬರುತ್ತಿತ್ತು.

ಉಪ್ಪುನೀರಿನಲ್ಲಿ ದೋಣಿ ಮೇಲೆ ತೇಲುತ್ತದೆ, ಆದ್ದರಿಂದ ಹೆಚ್ಚು ಭಾರ ಹಾಕಬಹುದು ಎಂದು ಮೇಲಿನ ಕಡವಿನ ಜನ ಹೇಳುತ್ತಿದ್ದರು. ಕಾಲೇಜಿಗೆ ಹೋದ ಮೇಲೆ ಲೆಕ್ಕ ಹಾಕಿ ನೋಡಿದೆ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಒಂದು ಗೇಣು ಮುಳುಗುವ ದೋಣಿ ಅದರಿಂದ ಅರ್ಧ ಸೆಂಟಿಮೀಟರಿನಷ್ಟು ಮೇಲೇಳುತ್ತದೆ. ಮಾವನಿಗೆ ಹೇಳಿದೆ. "ಅರ್ಧ ಸೆಂಟಿಮೀಟರ್ ಅಂದ್ರೂ ನಂದೇ" ಎಂದ.

ಅವನ ತಿಥಿಯ ಶಿಸ್ತು ಮುರಿದದ್ದು ನನ್ನ ಅಪ್ಪನಿಂದ. ಅಪ್ಪ ಕಾರ್ಖಾನೆಯ ಪಾಳಿಯಲ್ಲಿ ದುಡಿಯುತ್ತಿದ್ದವರು. ರಜೆ ಸಿಕ್ಕ ದಿನವೇ ಅವರಿಗೆ ಹಬ್ಬ, ಮಾರನೆಯ ದಿನ ಪಾಳಿಗೆ ಹಾಜರಾಗಬೇಕು. ಒಂದು ವರ್ಷ ಅವರಿಗೆ ಸಿಕ್ಕ ರಜೆ ದಶಮಿಯಂದು ಬಿತ್ತು. ಭಾವ ಬಂದಿದ್ದಾನೆ, ಇಲ್ಲವೆನ್ನುವುದು ಹೇಗೆ? ಮಾವ ಪಂಚಾಂಗದ ಮುಂದೆ ಸ್ವಲ್ಪ ಹೊತ್ತು ಹೆಚ್ಚೇ ನಿಂತಿದ್ದ.

ಹೋಗುವಾಗ ಏನೂ ತೊಂದರೆಯಿರಲಿಲ್ಲ. ಅಪ್ಪನಿಗೆ ನೊಗಲಿಯೂ ಸಿಕ್ಕವು, ಹೊಸಬರಿಗೆ ಸಿಗುವಂತೆ ಧಾರಾಳವಾಗಿ. ಮರಳುವಾಗ ಅಳಿವೆ ಬೇರೆಯಾಗಿತ್ತು. ದಶಮಿಯ ಇಳಿತ ಮಧ್ಯಾಹ್ನ ಒಂದು ದಾಟಿದ ಮೇಲೂ ಹೊರಗೆ ಹರಿಯುತ್ತದೆ, ಅಷ್ಟರಲ್ಲಿ ಪಡುಗಾಳಿ ಎದ್ದಿರುತ್ತದೆ. ಹೊರಗೆ ಬರುವ ನೀರಿಗೆ ಒಳಗೆ ಹೋಗುವ ಗಾಳಿ ಎದುರಾದಲ್ಲಿ ಅಲೆಗಳು ಮುಂದೆ ಸಾಗದೆ, ನಿಂತ ಜಾಗದಲ್ಲೇ ಎತ್ತರವಾಗಿ ಕಡಿದಾಗಿ ಏಳುತ್ತವೆ. ಎರಡು ಅಲೆಯ ನಡುವೆ ನಮ್ಮ ದೋಣಿಯ ಉದ್ದವೂ ಇರಲಿಲ್ಲ. ಮುಂಭಾಗ ಒಂದರ ಮೇಲೆ ಏರಿದರೆ ಹಿಂಭಾಗ ಇನ್ನೊಂದರ ಕೆಳಗೆ. ಅಪ್ಪ ಗಡಿಯಾರ ನೋಡಿದರು. ಸಂಜೆಯ ದಾಂಡೇಲಿ ಬಸ್ಸು ತಪ್ಪಿದರೆ ಪಾಳಿ ತಪ್ಪಿತು.

ಮಾವ ಏನೂ ಹೇಳದೆ ದೋಣಿಯ ಮೂತಿ ಬಡಗಣಕ್ಕೆ ತಿರುಗಿಸಿದ. ದೇವಬಾಗದ ಮರಳದಂಡೆಯ ಒಂದು ತಗ್ಗಿನಲ್ಲಿ ಇಳಿದು, ಮೂವರೂ ಸೇರಿ ದೋಣಿಯನ್ನು ಅರ್ಧ ಮೇಲೆ ಎಳೆದೆವು. ಅವನು ಗಾಳಿಮರದ ನೆರಳಿನಲ್ಲಿ ಅವಲಕ್ಕಿ ಗಂಟು ಬಿಚ್ಚಿ, ತಿಂದು, ಟೋಪಿ ಮುಖಕ್ಕೆ ಹಾಕಿಕೊಂಡು ಮಲಗಿದ. ಅಪ್ಪ ಮಲಗಲಿಲ್ಲ. ದಂಡೆಯ ಮೇಲೆ ಅತ್ತಿಂದಿತ್ತ ಅಡ್ಡಾಡುತ್ತ, ಎಂಜಿನ್ ಬೋಟೊಂದು ಅದೇ ಅಳಿವೆಯನ್ನು ದಡಬಡ ದಾಟಿಹೋದಾಗ "ನೋಡು, ಅವರು ಹೋದರಲ್ಲ" ಎಂದು ನನಗೆ ಹೇಳಿದರು, ಮಾವನಿಗೆ ಕೇಳುವ ಹಾಗೆ. ಟೋಪಿಯ ಅಡಿಯಿಂದ ಉತ್ತರ ಬರಲಿಲ್ಲ. ನನಗೂ ಅಪ್ಪನ ಪಕ್ಷವೇ ಸರಿಯೆನ್ನಿಸಿತ್ತು. ಒಂದು ಏಡಿ ತನ್ನ ಬಿಲದಿಂದ ಮರಳಿನ ಉಂಡೆಗಳನ್ನು ಒಂದೊಂದಾಗಿ ಹೊರಗೆ ಸಾಗಿಸುತ್ತಿತ್ತು. ಬೇರೇನೂ ಇಲ್ಲದ್ದರಿಂದ ಅದನ್ನೇ ನೋಡಿದೆ.

ನೀರು ತಿರುಗಿದ್ದು ಯಾರೂ ಹೇಳದೆ ಗೊತ್ತಾಯಿತು. ಗಾಳಿ ಮೊದಲಿಗಿಂತ ಜೋರಾಗಿಯೇ ಇತ್ತು, ಆದರೆ ನೀರೂ ಗಾಳಿಯೂ ಒಂದೇ ಕಡೆಗೆ ಹೊರಟ ಕೂಡಲೆ ನಿಂತ ಅಲೆಗಳು ಒಂದೊಂದಾಗಿ ಮಲಗಿದವು. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಅಳಿವೆ ಮತ್ತೆ ಬೆಳಗಿನ ಅಳಿವೆಯಾಯಿತು. ಒಳಗೆ ಹೋಗುವಾಗ ಹುಟ್ಟು ಹಾಕಬೇಕಾಗಿಯೇ ಇರಲಿಲ್ಲ. ಬಸ್ಸು ತಪ್ಪಿತ್ತು. ಅಪ್ಪನ ಒಂದು ದಿನದ ಸಂಬಳ ಹೋಯಿತು. ಆಮೇಲೆ ಅವರು ಕೊಲ್ಲಿಗೆ ಬರಲಿಲ್ಲ, ಮಾವ ಕರೆಯಲೂ ಇಲ್ಲ. ಆದರೆ ಆ ನೊಗಲಿಯ ರುಚಿಯನ್ನು ಅಪ್ಪ ಬಹಳ ವರ್ಷ ಹೇಳಿಕೊಳ್ಳುತ್ತಿದ್ದರು.

ಈ ಅಳಿವೆಯಲ್ಲಿ ನಮಗಿಂತ ದೊಡ್ಡವರೂ ದೋಣಿ ಬಿಟ್ಟು ಇಳಿದಿದ್ದಾರೆ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ಇಳಿತದ ನೀರಿನಲ್ಲಿ ತೇಲಿ ಬಂದು, ಅಳಿವೆ ಮುಟ್ಟುವಾಗ ಬಹಳ ಹೊತ್ತಾಗಿದ್ದರಿಂದ ಸಮುದ್ರದ ದಾರಿ ಬಿಟ್ಟು ಅಲ್ಲೇ ಇಳಿದು ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ಅವರು 'ಜೀವನಸ್ಮೃತಿ'ಯಲ್ಲಿ ಹೇಳಿದ್ದಾರೆ. ಕಾರವಾರದವರು ಠಾಕೂರರ ಹೆಸರನ್ನು ಕಡಲತೀರಕ್ಕೆ ಇಟ್ಟು ಅವರ ಕಾವ್ಯದೃಷ್ಟಿಯನ್ನು ಕೊಂಡಾಡುತ್ತಾರೆ. ನನಗೆ ಮೆಚ್ಚುಗೆ ಆ ರಾತ್ರಿ ಅವರು ನಡೆದು ಹೋದದ್ದು.

ಕೊಲ್ಲಿಯ ನಿಜವಾದ ಪೆಟ್ಟು ಅಲೆಯಿಂದ ಬರಲಿಲ್ಲ. ಮೊದಲ ಕೆಲವು ವರ್ಷ ಮಾವ ಚಳಿಗಾಲವಿಡೀ ದೋಣಿಯನ್ನು ಕೋಡಿಬಾಗದಲ್ಲೇ ಬಿಟ್ಟಿದ್ದನಂತೆ. ಬೇಸಿಗೆಯಲ್ಲಿ ಮೇಲೆ ತಂದು ಮಗುಚಿದಾಗ ತಳದ ಹಲಗೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳು. ಆಚಾರಿ ಒಂದು ಹಲಗೆ ಬಿಚ್ಚಿ ಅಡ್ಡಕ್ಕೆ ಕೊಯ್ದ. ಆ ತುಂಡು ಮಾವನ ಅಟ್ಟದಲ್ಲಿ ಬಹಳ ಕಾಲ ಇತ್ತು, ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊರಗೆ ಸೂಜಿಮೊನೆಯ ತೂತು, ಒಳಗೆ ಕಿರುಬೆರಳು ಹೋಗುವ ಸುರಂಗಗಳು. ಒಂದರೊಳಗೊಂದು ಸೇರದೆ, ಪಕ್ಕಪಕ್ಕದಲ್ಲೇ ತಿರುವಿ ತಿರುವಿ ಸಾಗಿ, ಒಳಗೋಡೆಗೆ ತೆಳ್ಳಗೆ ಸುಣ್ಣ ಬಳಿದುಕೊಂಡಿದ್ದವು. ಬೆರಳಿನಿಂದ ಒತ್ತಿದರೆ ಹಲಗೆ ಹಪ್ಪಳದ ಸದ್ದು ಮಾಡುತ್ತಿತ್ತು. ಅದು ಹಡಗುಹುಳುವಿನ ಕೆಲಸ. ಹುಳುವೆಂದು ಕರೆದರೂ ಅದು ಬೆಳಚಿನ ಜಾತಿಯದು, ತಲೆಯ ತುದಿಯ ಎರಡು ಸಣ್ಣ ಚಿಪ್ಪಿನಿಂದ ಮರ ಕೊರೆದು ತಿನ್ನುವ ಮೃದ್ವಂಗಿ. ಮರಿಯಾಗಿದ್ದಾಗ ಸಣ್ಣ ತೂತು ಮಾಡಿ ಒಳಸೇರಿ, ಒಳಗೇ ಬೆಳೆಯುತ್ತದೆ. ಅದಕ್ಕೇ ಹೊರಗಿನಿಂದ ದೋಣಿ ಚೆನ್ನಾಗಿಯೇ ಕಾಣುತ್ತದೆ.

ನದಿಯ ದೋಣಿಗೆ ಈ ರೋಗದ ಪರಿಚಯವಿಲ್ಲ, ಏಕೆಂದರೆ ಸಿಹಿನೀರಿನಲ್ಲಿ ಈ ಹುಳು ಬದುಕುವುದಿಲ್ಲ. ಮದ್ದೂ ಅದರಲ್ಲೇ ಇತ್ತು. ಆಮೇಲೆ ಮಾವ ನವಮಿ ಕಳೆದೊಡನೆ ಉಬ್ಬರ ಹಿಡಿದು ದೋಣಿಯನ್ನು ಮೇಲಿನ ಕಡವಿಗೆ ಒಯ್ದುಬಿಡುತ್ತಿದ್ದ. ಕೊಲ್ಲಿಯಲ್ಲಿ ಮೂರು ದಿನ, ಸಿಹಿನೀರಿನಲ್ಲಿ ಹನ್ನೆರಡು ದಿನ. ಕೋಡಿಬಾಗದವರು ತಮ್ಮ ದೋಣಿಗಳನ್ನು ದಡಕ್ಕೆ ಎಳೆದು, ಒಣ ತೆಂಗಿನಗರಿಯ ಬೆಂಕಿ ತಳಕ್ಕೆ ತೋರಿಸಿ, ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮಾವನೂ ವರ್ಷಕ್ಕೊಮ್ಮೆ ಬಳಿಯುತ್ತಿದ್ದ. ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ನನ್ನ ಎಡ ಮೊಣಕೈಯ ಕಲೆ ಅದರದು. ಆದರೆ ಅವನ ದೋಣಿ ಉಳಿದದ್ದು ಎಣ್ಣೆಯಿಂದಲ್ಲ, ಅದು ಸದಾ ಮನೆಗೆ ಮರಳುತ್ತಿದ್ದುದರಿಂದ ಎಂದು ಆಚಾರಿಯೇ ಒಪ್ಪಿಕೊಂಡಿದ್ದ.

1997ರಲ್ಲಿ ಕದ್ರಾ ಅಣೆಕಟ್ಟು ಮುಗಿದ ಮೇಲೆ ಲೆಕ್ಕಕ್ಕೆ ಇನ್ನೊಬ್ಬ ಪಾಲುದಾರ ಬಂದ. ವಿದ್ಯುದಾಗಾರದಿಂದ ನೀರು ಬಿಟ್ಟ ದಿನ ಇಳಿತ ಉದ್ದವಾಗುತ್ತಿತ್ತು, ಉಬ್ಬರ ತಡವಾಗಿ ಸೋಲುತ್ತ ಬರುತ್ತಿತ್ತು. ಚಂದ್ರ ಯಾವಾಗ ಹುಟ್ಟುತ್ತಾನೆಂದು ಪಂಚಾಂಗ ಹೇಳುತ್ತದೆ, ಬೆಂಗಳೂರಿನಲ್ಲಿ ಯಾವಾಗ ದೀಪ ಹಚ್ಚುತ್ತಾರೆಂದು ಹೇಳುವುದಿಲ್ಲ ಎಂದು ಮಾವ ಗೊಣಗುತ್ತಿದ್ದ. ಅಷ್ಟರಲ್ಲಿ ಅವನಿಗೂ ವಯಸ್ಸಾಗಿತ್ತು. ಒಂದು ಹಳೆಯ ಔಟ್‌ಬೋರ್ಡ್ ಎಂಜಿನ್ ಕೊಂಡು, ಪ್ರತಿ ಸಲ ಮರಳಿದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಅದರ ಬುಡ ಮುಳುಗಿಸಿ ಓಡಿಸಿ 'ಬಾಯಿ ತೊಳೆಸುತ್ತಿದ್ದ'. ಒಳಗಿನ ಅಲ್ಯೂಮಿನಿಯಂಗೆ ಉಪ್ಪು ಅಂಟಿ ಕುಳಿತರೆ ಮುಗಿಯಿತು. ಆ ಎಂಜಿನ್ನು ದೋಣಿಗಿಂತ ಮೊದಲೇ ಸತ್ತಿತು, ಮಾವ ದೋಣಿಗಿಂತ ಸ್ವಲ್ಪ ನಂತರ.

ಅವನ ಮೊಮ್ಮಗ ಈಗ ಕೋಡಿಬಾಗದಲ್ಲೇ ಇದ್ದಾನೆ. ಫೈಬರ್ ಬೋಟು, ಹೊಸ ಎಂಜಿನ್, ಪ್ರವಾಸಿಗರಿಗೆ ಕೂರ್ಮಗಡದ ಸುತ್ತಿನ ಡಾಲ್ಫಿನ್ ತೋರಿಸುವ ಕೆಲಸ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ, ಮಿತಿ ಮೀರಿ ಜನ ತುಂಬಿದ್ದ ದೋಣಿ ಮಗುಚಿ 16 ಮಂದಿ ಸತ್ತ ಮೇಲೆ ಲೈಫ್ ಜಾಕೆಟ್ಟಿನ ವಿಷಯದಲ್ಲಿ ಅವನು ಯಾರ ಮಾತೂ ಕೇಳುವುದಿಲ್ಲ. ಅದಾದ ಐದು ವರ್ಷಕ್ಕೆ, 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಎತ್ತಿ ಉಳಿಸುವಲ್ಲಿ ಮೀನುಗಾರರ ಕೈಯೂ ಇತ್ತು. ಅಜ್ಜನಿದ್ದಿದ್ದರೆ ಕಡವು ಮತ್ತೆ ಶುರುಮಾಡೋಣ ಎನ್ನುತ್ತಿದ್ದ ಎಂದು ಹುಡುಗ ನಕ್ಕ. ಪಕ್ಕದಲ್ಲಿ ಹೊಸ ಸೇತುವೆ ಇತ್ತು, ಅದು ನಿಂತೇ ಇದೆ.

ಕಳೆದ ಚಳಿಗಾಲ ಅವನ ಬೋಟಿನಲ್ಲಿ ಕೂತಿದ್ದೆ. ಮೊಬೈಲಿನಲ್ಲಿ ಉಬ್ಬರದ ಹೊತ್ತು ನಿಮಿಷದ ಲೆಕ್ಕದಲ್ಲಿ ತೋರಿಸಿದ. ನಾನು ಬೆರಳು ಮಡಚಿ ತಿಥಿಗೆ ಎರಡು ಗಳಿಗೆ ಹಾಕಿ ನೋಡಿದೆ, ಕಾಲು ಗಂಟೆಯಷ್ಟು ವ್ಯತ್ಯಾಸ ಬಂತು. ಅಂದು ಹುಣ್ಣಿಮೆಯ ಮಾರನೆ ದಿನ, ಭಾನುವಾರ. ಮಧ್ಯಾಹ್ನದ ಮೇಲೆ ಇಳಿತ, ಎದುರು ಪಡುಗಾಳಿ, ಅಳಿವೆಯಲ್ಲಿ ಅಲೆಗಳು ಎದ್ದು ನಿಂತಿದ್ದವು. ಇಂಥ ದಿನ ಅಜ್ಜ ಮನೆಯಲ್ಲೇ ಇರುತ್ತಿದ್ದ ಎಂದೆ. "ಹೌದು ಮಾಮ, ಆದ್ರೆ ಹುಬ್ಬಳ್ಳಿಯಿಂದ ಬಂದವ್ರಿಗೆ ರಜೆ ಇರುದು ಭಾನುವಾರ. ಅಷ್ಟಮಿ ಬುಧವಾರ ಬಂದ್ರೆ ನಾ ಏನ್ ಮಾಡ್ಲಿ?" ಎಂದ. ಅದಕ್ಕೇ ಮುಂದಿನ ವರ್ಷ ಇನ್ನೂ ನಾಲ್ಕು ಅಡಿ ಉದ್ದದ ಬೋಟು, ಇಮ್ಮಡಿ ಶಕ್ತಿಯ ಎಂಜಿನ್ ತೆಗೆದುಕೊಳ್ಳುವ ಯೋಚನೆಯಂತೆ. ಬ್ಯಾಂಕಿನ ಸಾಲಕ್ಕೆ ಜಾಮೀನು ನಿಲ್ಲುತ್ತೀರಾ ಎಂದು ಕೇಳಿದ. ಕಾಗದ ಕಳಿಸು, ನೋಡುತ್ತೇನೆ ಎಂದಿದ್ದೇನೆ.